ಕಚೇರಿಯ ಗಾಳಿ, ಬೆಳಕು, ಬಿಡುವು: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಚರಿತ್ರೆ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯಲ್ಲಿ ಕಚೇರಿಗೆಂದೇ ಬೇರೆ ಕಟ್ಟಡ ಕಟ್ಟುವ ರೂಢಿ ಅಷ್ಟೇನೂ ಹಳೆಯದಲ್ಲ. ಲೆಕ್ಕ ಬರೆಯುವ ಕೆಲಸ ಮಾತ್ರ ಬಹಳ ಹಳೆಯದು. ಶಾನುಭೋಗರು ಊರಿನ ಕಂದಾಯದ ಲೆಕ್ಕವನ್ನು ತಮ್ಮ ಮನೆಯ ಜಗಲಿಯಲ್ಲಿ ಕೂತು ಬರೆದರು. ವರ್ತಕರು ಅಂಗಡಿಯ ಗದ್ದಿಗೆಯ ಮೇಲೆ ಕೂತರು, ಸುಂಕದವರು ದಾರಿಬದಿಯ ಕಟ್ಟೆಯ ಮೇಲೆ. ಕೂತವರ ಬೆನ್ನು, ಕಣ್ಣು, ಉಸಿರು ಹೇಗಿರಬೇಕೆಂಬುದನ್ನು ಆ ಜಾಗವೇ ತೀರ್ಮಾನಿಸುತ್ತಿತ್ತು. ಈ ಸೀಮೆಯ ಕೆಲಸದ ಕಟ್ಟಡಗಳನ್ನು ಆರೋಗ್ಯದ ಕಡೆಯಿಂದ ನೋಡುತ್ತ ಹೋದರೆ ಒಂದು ಪ್ರಶ್ನೆ ಉದ್ದಕ್ಕೂ ಎದುರಾಗುತ್ತದೆ: ಕಟ್ಟಿದವರು ಯಾರ ಮೈಯನ್ನು ಲೆಕ್ಕಕ್ಕೆ ಹಿಡಿದು ಕಟ್ಟಿದರು?

ಹವೆಯ ಮಟ್ಟಿಗೆ ಇದು ಪುಣ್ಯದ ಸೀಮೆ. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಚಾಮರಾಜನಗರ ಅದಕ್ಕಿಂತ ತಗ್ಗಿನಲ್ಲಿದೆ. ದಕ್ಷಿಣಕ್ಕೆ ನೀಲಗಿರಿ, ಪಶ್ಚಿಮಕ್ಕೆ ವಯನಾಡು, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ. ಘಟ್ಟದ ಮರೆಯಲ್ಲಿರುವುದರಿಂದ ಮುಂಗಾರಿನ ಜಡಿಮಳೆ ಇಲ್ಲಿಗೆ ತಲುಪುವುದಿಲ್ಲ. ಅದರ ಗಾಳಿ ತಲುಪುತ್ತದೆ. ಹೆಚ್ಚಿನ ಮಳೆ ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಪಶ್ಚಿಮ ಮತ್ತು ನೈಋತ್ಯದ ಕಡೆಗೆ ಕಿಟಕಿ ಇಟ್ಟ ಕಟ್ಟಡಕ್ಕೆ ವರ್ಷದ ಬಹುಪಾಲು ಬೀಸಣಿಗೆಯ ಅಗತ್ಯವೇ ಬೀಳದು.

ಜಗಲಿ ಈ ಹವೆಗೆ ಹೇಳಿ ಮಾಡಿಸಿದಂತಿತ್ತು. ನೆಲದಿಂದ ಎರಡು ಮೂರು ಅಡಿ ಎತ್ತರ, ಹಿಂದೆ ಮಣ್ಣಿನ ದಪ್ಪ ಗೋಡೆ, ಮೇಲೆ ಮುಂಚಾಚಿದ ಹೆಂಚಿನ ಸೂರು, ಮುಂದೆ ತೆರೆದ ಬೀದಿ. ಅಲ್ಲಿ ಬಳಕೆಯಲ್ಲಿದ್ದ ಲೆಕ್ಕದ ಪುಸ್ತಕವೇ ಕಡತ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಪದರ ಪದರವಾಗಿ ಮಡಿಸಿದರೆ ಕಡತ ಸಿದ್ಧ. ಅದರ ಕಪ್ಪು ಮೈಯ ಮೇಲೆ ಬಳಪದಿಂದ ಬರೆದ ಅಕ್ಷರ ಬೆಳ್ಳಗೆ ಮೂಡುತ್ತಿತ್ತು. ಒರೆಸಿ ಮತ್ತೆ ಬರೆಯಬಹುದಿತ್ತು. ಹಗಲ ಬೆಳಕು ಪಕ್ಕದಿಂದ ಬಿದ್ದರೆ ಓದಲು ಹಿತ; ನಡುಮನೆಯ ಕತ್ತಲಲ್ಲಿ ಕಣ್ಣಿಗೆ ಹಿಂಸೆ. ಹರಳೆಣ್ಣೆ ದೀಪದ ಹೊಗೆಯಲ್ಲಿ ರಾತ್ರಿ ಬರೆಯುವುದು ಅನಿವಾರ್ಯವಾದಾಗ ಮಾತ್ರ. ಹೀಗಾಗಿ ಕೆಲಸದ ಹೊತ್ತನ್ನು ಸೂರ್ಯನೇ ಅಳೆದುಕೊಡುತ್ತಿದ್ದ. ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಬಗ್ಗಿ ಬರೆದವರ ಮಂಡಿ, ಸೊಂಟದ ನೋವಿಗೆ ಮಾತ್ರ ಜಗಲಿಯಲ್ಲಿ ಮದ್ದಿರಲಿಲ್ಲ.

ಈ ನೆರಳು ಎಲ್ಲರ ಪಾಲಿಗೂ ಇರಲಿಲ್ಲವೆಂಬುದನ್ನು ಹೇಳದೆ ಮುಂದೆ ಹೋಗಲಾಗದು. ಕಂದಾಯ ಕಟ್ಟಲು ಬಂದ ರೈತರಲ್ಲಿ ಕೆಲವರು ಜಗಲಿಯ ಅಂಚಿನಲ್ಲಿ ಕೂತರು. ಅಸ್ಪೃಶ್ಯರೆಂದು ದೂರವಿಟ್ಟ ಜಾತಿಗಳವರು ಬೀದಿಯ ಬಿಸಿಲಿನಲ್ಲೇ ನಿಂತರು. ಗಾಳಿ ಬೆಳಕಿನ ಹಂಚಿಕೆ ಜಾತಿಯ ಹಂಚಿಕೆಯೂ ಆಗಿತ್ತು.

ಮೈಸೂರು ಸಂಸ್ಥಾನದ ಕಚೇರಿ ಪದ್ಧತಿಯ ಮೂಲದಲ್ಲೂ ಈ ಸೀಮೆಯ ಹೆಸರಿದೆ. 1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು ಅದಕ್ಕೆ ಮುಂಚೆ ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿ ನಿರ್ಬಂಧದಲ್ಲಿದ್ದರು. ಮುಂದೆ ಅವರ ಮಂತ್ರಿಯಾದ ಯಳಂದೂರಿನ ವಿಶಾಲಾಕ್ಷ ಪಂಡಿತರ ಒಡನಾಟ ಆ ದಿನಗಳದ್ದು. ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದವರು ಇದೇ ದೊರೆ. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ ಅಠಾರ ಕಚೇರಿಯ ಏರ್ಪಾಡು ಅವರ ಕಾಲದ್ದೆಂದು ಇತಿಹಾಸಕಾರರು ಹೇಳುತ್ತಾರೆ. ಲೆಕ್ಕದವರನ್ನು ಮನೆಯ ಜಗಲಿಯಿಂದ ಎಬ್ಬಿಸಿ ಒಂದೇ ಸೂರಿನಡಿ ತಂದು ಕೂರಿಸುವ ಪದ್ಧತಿಗೆ ಅದು ದಾರಿ ಮಾಡಿತು. ಒಂದು ಕೋಣೆಯಲ್ಲಿ ಹತ್ತಾರು ಜನ ದಿನವಿಡೀ ಕೂರತೊಡಗಿದಾಗಲೇ ಕಚೇರಿಯ ಆರೋಗ್ಯ ಎಂಬ ಸಮಸ್ಯೆ ಹುಟ್ಟಿದ್ದು.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಈಗಿನ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. 1831ರಲ್ಲಿ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. ಮಾರ್ಕ್ ಕಬ್ಬನ್, ಆಮೇಲೆ ಬೌರಿಂಗ್ ಅವರ ಕಾಲದಲ್ಲಿ ತಾಲ್ಲೂಕು ಆಡಳಿತ ಗಟ್ಟಿಯಾಯಿತು. 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು. ಅಮಲ್ದಾರರ ಕಚೇರಿ, ಖಜಾನೆ, ರೆಕಾರ್ಡ್ ಕೋಣೆ ಒಟ್ಟಿಗಿರುವ ತಾಲ್ಲೂಕು ಕಚೇರಿಯ ನಕ್ಷೆ ಹಳೆಯ ಮೈಸೂರಿನ ಉದ್ದಗಲಕ್ಕೂ ಹೆಚ್ಚುಕಮ್ಮಿ ಒಂದೇ ಬಗೆಯದಾಗಿ ಹರಡಿತು.

ಆ ನಕ್ಷೆಯನ್ನು ಸ್ವಲ್ಪ ನಿಂತು ನೋಡಬೇಕು. ನಾಲ್ಕೂ ಕಡೆ ಅಥವಾ ಮುಂದೆ ಹಿಂದೆ ಪಡಸಾಲೆ. ಬಿಸಿಲು ಮತ್ತು ಇರಚಲು ಅಲ್ಲೇ ತಡೆದು ಒಳಗೋಡೆ ತಂಪಾಗಿ ಉಳಿಯುತ್ತಿತ್ತು. ಸುಣ್ಣದ ಗಾರೆಯ ದಪ್ಪ ಗೋಡೆ ಹಗಲಿನ ಕಾವನ್ನು ಒಳಕ್ಕೆ ಬಿಡಲು ಸಂಜೆಯವರೆಗೆ ತಡಮಾಡುತ್ತಿತ್ತು. ಅಷ್ಟರಲ್ಲಿ ಕಚೇರಿಯ ಬಾಗಿಲು ಹಾಕಿರುತ್ತಿತ್ತು. ಸೂರು 14ರಿಂದ 16 ಅಡಿ ಎತ್ತರ. ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ಜೋಡಿಸಿ ಸುಣ್ಣದ ಗಾರೆ ಹಾಕಿದ್ದು ಮದ್ರಾಸ್ ತಾರಸಿ; 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ಮೇಲೆ ಮಂಗಳೂರು ಹೆಂಚೂ ಬಂತು. ಗೋಡೆಯ ತುದಿಯಲ್ಲಿ, ಕಿಟಕಿಗಿಂತ ಎಷ್ಟೋ ಮೇಲೆ, ಹಗ್ಗ ಎಳೆದು ತೆರೆಯುವ ಗವಾಕ್ಷಿ. ಬಿಸಿಗಾಳಿ ಮೇಲೇರಿ ಗವಾಕ್ಷಿಯಿಂದ ಹೊರಬಿದ್ದಂತೆ ಕೆಳಗಿನ ಕಿಟಕಿಯಿಂದ ತಣ್ಣನೆಯ ಗಾಳಿ ಒಳಬರುತ್ತಿತ್ತು. ಯಂತ್ರವೊಂದೂ ಇಲ್ಲದೆ ಕೋಣೆಯ ಗಾಳಿ ಬದಲಾಗುವ ಈ ಕ್ರಮ ಇವತ್ತಿಗೂ ಕೆಲಸ ಮಾಡುತ್ತದೆ. ಅದನ್ನು ಬಿಟ್ಟುಕೊಟ್ಟದ್ದು ದೊಡ್ಡ ನಷ್ಟ.

ಆದರೆ ಅದೇ ಕಟ್ಟಡದೊಳಗೆ ಎಲ್ಲರ ಪಾಲೂ ಒಂದೇ ಆಗಿರಲಿಲ್ಲ. ಕಿಟಕಿ ಹೆಚ್ಚಿದ್ದ ಕೋಣೆ ಅಮಲ್ದಾರರದು. ಶಿರಸ್ತೇದಾರರು, ಗುಮಾಸ್ತರು ನಡುವಿನ ಹಜಾರದಲ್ಲಿ. ರೆಕಾರ್ಡ್ ಕೋಣೆಗೆ ಕಾವಲಿನ ಕಾರಣದಿಂದ ಕಿಟಕಿ ಚಿಕ್ಕದು, ಕಂಬಿ ದಪ್ಪ. ಕೆಂಪು ಬಟ್ಟೆಯಲ್ಲಿ ಕಟ್ಟಿದ ದಫ್ತರಗಳ ಧೂಳು, ನುಸಿಗುಳಿಗೆಯ ಘಾಟು, ಇಲಿ ಹಿಕ್ಕೆಯ ವಾಸನೆ ಅಲ್ಲಿ ಕೆಲಸ ಮಾಡುವವರ ಎದೆ ಸೇರಿದವು. ಹಳೆಯ ದಾಖಲೆ ಹುಡುಕಿಕೊಡುತ್ತಿದ್ದವರ ಕೆಮ್ಮು, ನೆಗಡಿ ಕಚೇರಿಗಳಲ್ಲಿ ಮಾಮೂಲಾಗಿ ಹೋಯಿತು. ಅದನ್ನು ಕಟ್ಟಡದ ಕಾಯಿಲೆ ಎಂದು ಯಾರೂ ಎಣಿಸಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎರಡು ರೋಗಗಳು ಕಟ್ಟಡಗಳ ಕಡೆ ಕಣ್ಣು ಹೊರಳಿಸಿದವು. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಿತು. ಇಕ್ಕಟ್ಟಾದ, ಬೆಳಕಿಲ್ಲದ, ಇಲಿ ತುಂಬಿದ ಕಟ್ಟಡಗಳೇ ಅಪಾಯದ ತಾಣಗಳೆಂಬುದು ಎಲ್ಲರಿಗೂ ಅರಿವಾಯಿತು. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಗಿ ಅಗಲ ಬೀದಿ, ಹಿಂಬದಿಯ ಕಸದ ಓಣಿ, ಗಾಳಿಯಾಡುವ ಮನೆಗಳ ಬಡಾವಣೆಗಳು ಎದ್ದವು. ಎರಡನೆಯದು ಮಲೇರಿಯಾ. ಗುಂಡ್ಲುಪೇಟೆಯ ಕಾಡಂಚಿಗೆ ಕೆಲಸಕ್ಕೆ ಹೋದವರಿಗೆ ಚಳಿಜ್ವರ ಕಟ್ಟಿಟ್ಟ ಬುತ್ತಿಯಾಗಿತ್ತು. ಬಂಡೀಪುರದ ಕಾಡಿನಾಚೆ, ನೀಲಗಿರಿಯ ಬುಡದ ಸೀಗೂರು ಘಾಟಿಗೆ 1897ರಲ್ಲಿ ಊಟಿಯಿಂದ ಇಳಿದು ಬಂದ ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಅವರೂ ಆ ಜ್ವರಕ್ಕೆ ತುತ್ತಾದರು. ಅದೇ ವರ್ಷ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ರೋಗದ ಪರಾವಲಂಬಿಯನ್ನು ಅವರು ಗುರುತಿಸಿದರು. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂಬ ಹಳೆಯ ನಂಬಿಕೆ ಅಲ್ಲಿಗೆ ಬಿದ್ದುಹೋಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಒಳಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಕ್ರಮ ಬಂತು.

ವಿದ್ಯುತ್ತು ಈ ಸೀಮೆಯ ನೆರೆಯಲ್ಲೇ ಹುಟ್ಟಿದರೂ ಮೊದಲು ಹೋದದ್ದು ದೂರಕ್ಕೆ. 1902ರಲ್ಲಿ ಶಿವನಸಮುದ್ರದಿಂದ ಹೊರಟ ಕರೆಂಟು ಕೋಲಾರದ ಚಿನ್ನದ ಗಣಿ ತಲುಪಿತು, 1905ರಲ್ಲಿ ಬೆಂಗಳೂರನ್ನು ಬೆಳಗಿತು. ಸಣ್ಣ ಊರುಗಳ ಕಚೇರಿಗಳಿಗೆ ದೀಪ, ಫ್ಯಾನು ಬರಲು ಬಹಳ ಕಾಲ ಹಿಡಿಯಿತು. 1926ರಲ್ಲಿ ನಂಜನಗೂಡಿನಿಂದ ಚಾಮರಾಜನಗರಕ್ಕೆ ರೈಲು ಬಂದಾಗ ಊರಿಗೆ ಇನ್ನೊಂದು ಬಗೆಯ ಕಚೇರಿಯೂ ಬಂತು. ಹಗಲು ರಾತ್ರಿಯೆನ್ನದೆ ಪಾಳಿಯಲ್ಲಿ ಎಚ್ಚರವಿರಬೇಕಾದ ಸ್ಟೇಷನ್ ಮಾಸ್ತರರ ಕೋಣೆ ಅದು.

ಕೆಲಸದ ಜಾಗದ ಆರೋಗ್ಯ ಕಾನೂನಿನ ಮಾತಾದದ್ದು ಕಚೇರಿಯಿಂದಲ್ಲ, ಕಾರ್ಖಾನೆಯಿಂದ. ಇಲ್ಲಿ ಕಾರ್ಖಾನೆ ಎಂದರೆ ರೇಷ್ಮೆ. ಕೊಳ್ಳೇಗಾಲ, ಯಳಂದೂರು, ಸಂತೇಮರಹಳ್ಳಿ ಕಡೆ ಹಿಪ್ಪುನೇರಳೆ ಬೆಳೆದು ಗೂಡು ತೆಗೆಯುವುದು ಹಳೆಯ ಕಸುಬು. ಚರಕದ ನೂಲು ಬಿಚ್ಚಾಣಿಕೆಯಲ್ಲಿ ಒಬ್ಬರು ರಾಟೆ ತಿರುಗಿಸಿದರೆ ಇನ್ನೊಬ್ಬರು ಕುದಿಯುವ ನೀರಿಗೆ ಬೆರಳದ್ದಿ ಗೂಡಿನ ಎಳೆ ಹುಡುಕಬೇಕು. ಸೌದೆ ಒಲೆಯ ಹೊಗೆ, ಹಬೆ, ಬೆಂದ ಪ್ಯೂಪಾದ ನಾತ. ದಿನವಿಡೀ ನೀರಿನಲ್ಲೇ ಇದ್ದ ಬೆರಳ ತುದಿ ಬಿಳಚಿ ಬಿರಿಯುತ್ತಿತ್ತು. ಉಪ್ಪು ಖಾರದ ಅನ್ನ ಕಲಸುವುದೂ ಉರಿ. ಸಂತೇಮರಹಳ್ಳಿ, ಮಾಂಬಳ್ಳಿ, ಚಾಮರಾಜನಗರ, ಕೊಳ್ಳೇಗಾಲಗಳಲ್ಲಿ ಸರ್ಕಾರಿ ನೂಲು ಬಿಚ್ಚಾಣಿಕೆ ಕಾರ್ಖಾನೆಗಳು ಬಂದಾಗ ಒಲೆಯ ಬದಲು ಬಾಯ್ಲರಿನ ಹಬೆ ಬಂತು, ಹೊಗೆ ಕೆಲಸದ ಜಾಗದಿಂದ ದೂರವಾಯಿತು. ನೂಲು ತುಂಡಾಗದಿರಲು ಕೋಣೆಯ ಗಾಳಿಯಲ್ಲಿ ತೇವ ಬೇಕು, ಕೆಲಸಗಾರರ ಎದೆಗೆ ಒಣಗಾಳಿ ಬೇಕು. ಈ ತಿಕ್ಕಾಟ ಕಾರ್ಖಾನೆಯೊಳಗೂ ತೀರಲಿಲ್ಲ.

1948ರ ಕಾರ್ಖಾನೆ ಕಾಯಿದೆ ಇಂಥ ಕಡೆಗಳಿಗೆ ಅಳತೆಗಳನ್ನು ಕೊಟ್ಟಿತು. ಹೊಸ ಕಾರ್ಖಾನೆಯಲ್ಲಿ ಒಬ್ಬೊಬ್ಬರಿಗೆ 14.2 ಘನ ಮೀಟರ್ ಜಾಗ ಇರಬೇಕಿತ್ತು, ನೆಲದಿಂದ 4.2 ಮೀಟರಿಗಿಂತ ಮೇಲಿನ ಜಾಗವನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಗಾಳಿ, ಬೆಳಕು, ಕುಡಿಯುವ ನೀರು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ, ನಿಂತು ಕೆಲಸ ಮಾಡುವವರಿಗೆ ಬಿಡುವಿನಲ್ಲಿ ಕೂರಲು ಆಸನ ಇವೆಲ್ಲ ಕಡ್ಡಾಯವಾದವು. ಶಿಶುಪಾಲನಾ ಕೋಣೆಗೆ ಮೊದಲು 50ಕ್ಕಿಂತ ಹೆಚ್ಚು ಹೆಂಗಸರು ಇರಬೇಕಿತ್ತು. 1976ರ ತಿದ್ದುಪಡಿ ಅದನ್ನು 30ಕ್ಕೆ ಇಳಿಸಿತು. ಬಿಚ್ಚಾಣಿಕೆ ಮಾಡುವವರಲ್ಲಿ ಹೆಂಗಸರೇ ಹೆಚ್ಚಿದ್ದ ಈ ಸೀಮೆಗೆ ಅದು ದೊಡ್ಡ ಮಾತು. ಆದರೆ ಮನೆಯಂಗಳದ ಚರಕವನ್ನು ಈ ಕಾಯಿದೆ ಮುಟ್ಟಲೇ ಇಲ್ಲ.

ಅಂಗಡಿ, ಮಂಡಿ, ಖಾಸಗಿ ಕಚೇರಿಗಳ ಸರದಿ ಅದರ ಹಿಂದೆಯೇ ಬಂತು. ಆಗ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ ಅಲ್ಲಿಯ ಗುಮಾಸ್ತರಿಗೆ ಮದ್ರಾಸಿನ 1947ರ ಅಂಗಡಿ ಕಾಯಿದೆ. ಚಾಮರಾಜನಗರ, ಗುಂಡ್ಲುಪೇಟೆಯವರಿಗೆ ಮೈಸೂರಿನ 1948ರ ಕಾಯಿದೆ. 1956ರ ಏಕೀಕರಣದ ನಂತರ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಇವೆಲ್ಲವನ್ನೂ ಒಂದು ಮಾಡಿತು. ದಿನಕ್ಕೆ 9, ವಾರಕ್ಕೆ 48 ಗಂಟೆ ಕೆಲಸದ ಮಿತಿ, ಐದು ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ, ಶುಚಿತ್ವ, ಗಾಳಿ, ಬೆಳಕು ಅದರ ತಿರುಳು. ಅರಿಸಿನ ಮೂಟೆ ಬಿಚ್ಚಿದರೆ ಹಳದಿ ಧೂಳು ಲೆಕ್ಕದ ಪುಸ್ತಕದ ಮೇಲೆ ಕೂರುವ ಚಾಮರಾಜನಗರದ ಮಂಡಿಗಳಲ್ಲಿ ಈ ಮಾತುಗಳಿಗೆ ಅರ್ಥವಿತ್ತು. ಆದರೆ ಕೇಂದ್ರ, ರಾಜ್ಯ ಸರ್ಕಾರಗಳ ಮತ್ತು ಸ್ಥಳೀಯ ಸಂಸ್ಥೆಗಳ ಕಚೇರಿಗಳನ್ನು ಕಾಯಿದೆ ಹೊರಗಿಟ್ಟಿತು. ಮಂಡಿಯ ಗುಮಾಸ್ತರಿಗೆ ಗಾಳಿ ಬೇಕೆಂದು ಬರೆದ ಸರ್ಕಾರ ತನ್ನ ರೆಕಾರ್ಡ್ ಕೋಣೆಯವರನ್ನು ಮರೆತದ್ದು ಆ ಕಾನೂನಿನ ದೊಡ್ಡ ಕೊರತೆ.

ಇದೇ ಕಾಲಕ್ಕೆ ಹುಳುಮನೆಗಳಲ್ಲಿ ಇನ್ನೊಂದು ಬದಲಾವಣೆ ಆಯಿತು. ರೇಷ್ಮೆ ಹುಳುವಿಗೆ 24ರಿಂದ 28 ಡಿಗ್ರಿ ಕಾವು, ಶೇ. 70ರಿಂದ 85 ತೇವಾಂಶ, ಎದುರುಬದುರು ಕಿಟಕಿ ಬೇಕೆಂದು ಇಲಾಖೆ ಹೇಳಿಕೊಟ್ಟಿತು. ಮನೆಯೊಳಗೇ ಹುಳು ಸಾಕುತ್ತಿದ್ದವರು ಬೇರೆ ಹುಳುಮನೆ ಕಟ್ಟಿ, ಸುತ್ತ ಪಡಸಾಲೆ ಬಿಟ್ಟು, ಗೋಡೆಯ ಮೇಲುತುದಿಯಲ್ಲಿ ಗವಾಕ್ಷಿ ಇಟ್ಟರು. ಹಳೆಯ ತಾಲ್ಲೂಕು ಕಚೇರಿಯ ನಕ್ಷೆಯ ಗುಣಗಳೆಲ್ಲ ಹುಳುಮನೆಗೆ ಬಂದವು. ಹೊಸ ಕಚೇರಿಗಳು ಅವನ್ನು ಬಿಡುತ್ತ ಹೋದವು.

ಬಿಟ್ಟದ್ದು ಕಾಂಕ್ರೀಟಿನ ಜೊತೆಗೆ. ಆರ್‌ಸಿಸಿ ಸೂರು ಬಂದ ಮೇಲೆ 10 ಅಡಿಯ ಎತ್ತರವೇ ಸಾಕೆನಿಸಿತು. ಗವಾಕ್ಷಿಗೆ ಜಾಗ ಉಳಿಯಲಿಲ್ಲ. ನೇರ ಬಿಸಿಲು ಬೀಳುವ ತಾರಸಿ ಮಧ್ಯಾಹ್ನದ ಹೊತ್ತಿಗೆ ಕಾದು, ಕೆಳಗೆ ಕೂತವರ ತಲೆಯ ಮೇಲೆ ಸಂಜೆಯವರೆಗೂ ಕಾವು ಸುರಿಸುತ್ತದೆ. ಫ್ಯಾನು ಅದೇ ಬಿಸಿಗಾಳಿಯನ್ನು ತಿರುಗಿಸುತ್ತದೆ. ಗುಂಡ್ಲುಪೇಟೆಯಂಥ ಹೆದ್ದಾರಿಯೂರಿನಲ್ಲಿ ಹೆಚ್ಚಿದ ಬಗೆ ಎಂದರೆ ಬೀದಿಗೆ ಮುಖ ಮಾಡಿದ ವಾಣಿಜ್ಯ ಸಂಕೀರ್ಣ: ಸಾಲು ಮಳಿಗೆ, ಪ್ರತಿ ಮಳಿಗೆಗೆ ಮೂರು ಕಡೆ ಕುರುಡು ಗೋಡೆ, ಮುಂದೆ ರೋಲಿಂಗ್ ಶಟರ್. ಅಂಗಡಿಗೆ ಅದು ನಡೆಯುತ್ತದೆ. ಅದೇ ಮಳಿಗೆಯಲ್ಲಿ ಫೈನಾನ್ಸ್ ಕಚೇರಿ, ವಿಮೆ ಏಜೆನ್ಸಿ, ಕಂಪ್ಯೂಟರ್ ಸೆಂಟರ್ ತೆರೆದಾಗ ಗಾಜಿನ ಬಾಗಿಲು ಹಾಕಿ ಏಸಿ ಕೂರಿಸುತ್ತಾರೆ. ಹೊರಗಾಳಿ ಬರುವ ಒಂದೇ ದಾರಿಯೂ ಮುಚ್ಚುತ್ತದೆ. ತೆರೆದರೆ ಕೇರಳಕ್ಕೂ ಊಟಿಗೂ ಹೋಗುವ ಲಾರಿಗಳ ಹೊಗೆ. 1970ರಲ್ಲಿ ಮೊದಲು ಬಂದ ರಾಷ್ಟ್ರೀಯ ಕಟ್ಟಡ ಸಂಹಿತೆ ಕಿಟಕಿಯ ಅಳತೆಯನ್ನು ಹವೆಗೆ ತಕ್ಕಂತೆ ಹೇಳುತ್ತದೆ: ಒಣ ಸೆಕೆಯ ಸೀಮೆಯಲ್ಲಿ ನೆಲದ ವಿಸ್ತೀರ್ಣದ ಹತ್ತನೆಯ ಒಂದು ಭಾಗ, ನಡುಬಗೆಯ ಹವೆಯಲ್ಲಿ ಎಂಟನೆಯ ಒಂದು, ತೇವದ ಸೆಕೆಯಲ್ಲಿ ಆರನೆಯ ಒಂದು. ಶಟರ್ ಮಳಿಗೆಗೆ ಕಿಟಕಿಯೇ ಇಲ್ಲದಿರುವಾಗ ಯಾವ ಭಿನ್ನರಾಶಿಯೂ ಹೊಂದುವುದಿಲ್ಲ.

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಚಾಮರಾಜನಗರ ಜಿಲ್ಲೆ ಹುಟ್ಟಿತು. ಮೈಸೂರಿನಲ್ಲಿದ್ದ ಪ್ರತಿಯೊಂದು ಜಿಲ್ಲಾ ಕಚೇರಿಗೂ ಇಲ್ಲಿ ಒಂದು ಜೊತೆ ಬೇಕಾಯಿತು. ತಾಲ್ಲೂಕು ಕೇಂದ್ರವಾಗಿದ್ದ ಊರು ನೌಕರರ ಊರಾಯಿತು. ಬಹುಮಹಡಿಯ ಜಿಲ್ಲಾಡಳಿತ ಭವನ ಎದ್ದಿತು. ಕೆಲವೇ ವರ್ಷಗಳಲ್ಲಿ ಭೂಮಿ ಯೋಜನೆ ಬಂದು ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿ ಊರ್ಜಿತವಲ್ಲವೆಂದಾಯಿತು. ಧೂಳು ತಾಗಬಾರದೆಂದು ಯಂತ್ರಕ್ಕಾಗಿ ಕೋಣೆಗಳನ್ನು ಮುಚ್ಚಿದರು, ತಂಪು ಮಾಡಿದರು. ದಫ್ತರದ ಧೂಳಿನಿಂದ ಬಿಡುಗಡೆ ಸಿಕ್ಕಿದ್ದು ನಿಜವಾದ ಲಾಭ. ಅದರ ಬದಲು ಪರದೆ ನೋಡಿ ಒಣಗುವ ಕಣ್ಣು, ಮಣಿಕಟ್ಟಿನ ನೋವು, ಕತ್ತು ಬಿಗಿತ ಬಂದವು. 2011ರ ಸಕಾಲ ಕಾಯಿದೆ ಹೆಸರಿಸಿದ ಸೇವೆಗಳ ಅರ್ಜಿಗಳಿಗೆ ಗಡುವು ಹಾಕಿತು. ಅರ್ಜಿದಾರರಿಗೆ ಅದು ನ್ಯಾಯ. ಖಾಲಿ ಹುದ್ದೆಗಳ ನಡುವೆ ಸರ್ವರ್ ನಿಂತಾಗಲೂ ದಿನ ಎಣಿಸಬೇಕಾದ ಸಿಬ್ಬಂದಿಗೆ ಹೊಸ ಒತ್ತಡ. ಹಂಗಳ, ಬೇಗೂರು, ತೆರಕಣಾಂಬಿಯ ನಾಡ ಕಚೇರಿಗಳಲ್ಲಿ ಈ ಕೆಲಸ ಹೊತ್ತವರು ಬೆರಳೆಣಿಕೆಯ ಜನ.

ಹೊರಜಗತ್ತಿನಲ್ಲಿ ಕಟ್ಟಡವೇ ಕಾಯಿಲೆ ತರುತ್ತದೆಂಬ ಮಾತಿಗೆ ಮನ್ನಣೆ ಸಿಕ್ಕಿದ್ದು 1980ರ ದಶಕದಲ್ಲಿ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಪಶ್ಚಿಮದ ದೇಶಗಳು ಇಂಧನ ಉಳಿಸಲು ಕಚೇರಿಗಳನ್ನು ಬಿಗಿಯಾಗಿ ಮುಚ್ಚಿ ಹೊರಗಾಳಿಯನ್ನು ಕಡಿಮೆ ಮಾಡಿದವು. ತಲೆನೋವು, ಗಂಟಲು ಕೆರೆತ, ಮಂಕು ಒಂದೇ ಕಟ್ಟಡದ ಹತ್ತಾರು ಜನರಲ್ಲಿ ಕಂಡು, ಹೊರಗೆ ಬಂದರೆ ಮಾಯವಾಗತೊಡಗಿದವು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರೋಗಲಕ್ಷಣಗಳ ಗುಂಪೆಂದು ಗುರುತಿಸಿತು. 2014ರಲ್ಲಿ ಬಂದ ವೆಲ್ ಮಾನದಂಡ ಗಾಳಿ, ನೀರು, ಬೆಳಕು, ಆಹಾರ, ಮನಸ್ಸಿನ ನೆಮ್ಮದಿಗಳನ್ನು ಅಳೆದು ಕಟ್ಟಡಕ್ಕೆ ದರ್ಜೆ ಕೊಡುತ್ತದೆ. ಬೆಂಗಳೂರಿನ ಐಟಿ ಕಂಪನಿಗಳಿಗೆ ಇಂಥ ದರ್ಜೆಗಳು ಪರಿಚಿತ. ಚಾಮರಾಜನಗರದ ಮಟ್ಟಕ್ಕೆ ಅವುಗಳ ಖರ್ಚು ಭಾರ. ಆದರೂ ಅವು ಕೇಳುವ ಬೆಳಕು, ಹೊರಗಾಳಿ, ಹಸಿರಿನ ನೋಟ ಈ ಸೀಮೆಯಲ್ಲಿ ದುಡ್ಡಿಲ್ಲದೆ ಸಿಗುವಂಥವು.

ಇತ್ತೀಚಿನ ಕಾನೂನುಗಳಲ್ಲಿ ಸರ್ಕಾರಿ ಕಚೇರಿಯನ್ನು ಹೊರಗಿಡದ ಒಂದು ಮುಖ್ಯವಾದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ. ಇಳಿಜಾರು ದಾರಿ, ಬಳಸಲು ಬರುವ ಶೌಚಾಲಯ ಅದರ ಫಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೋಣೆ ಕಡ್ಡಾಯ ಮಾಡಿತು. 2020ರಲ್ಲಿ ಕೊರೊನಾ ಬಂದಾಗ ಕೇಂದ್ರ ಲೋಕೋಪಯೋಗಿ ಇಲಾಖೆ ಏಸಿಯನ್ನು 24ರಿಂದ 30 ಡಿಗ್ರಿಯಲ್ಲಿಡಿ, ತೇವಾಂಶ ಶೇ. 40ರಿಂದ 70 ಇರಲಿ, ಸಾಧ್ಯವಾದಷ್ಟು ಹೊರಗಾಳಿ ಬರಲಿ, ಎದುರುಬದುರು ಗಾಳಿಯಾಡಲಿ ಎಂದು ಸೂಚಿಸಿತು. ಹಳೆಯ ಪಡಸಾಲೆ, ಗವಾಕ್ಷಿಗಳಿರುವ ಕಚೇರಿಯಲ್ಲಿ ಇದಕ್ಕೆ ಕಿಟಕಿ ತೆರೆದರೆ ಸಾಕಿತ್ತು. ಶಟರ್ ಮಳಿಗೆಯ ಕಚೇರಿಗೆ ಬಾಗಿಲು ತೆಗೆದಿಡುವುದೊಂದೇ ದಾರಿ.

ಕಟ್ಟಡ ಸಂಹಿತೆಯ ಲೆಕ್ಕದಲ್ಲಿ ಕಚೇರಿಯ ಪ್ರತಿ 10 ಚದರ ಮೀಟರಿಗೆ ಒಬ್ಬರು. ಶೌಚಾಲಯ 25 ಗಂಡಸರಿಗೆ ಒಂದು, 15 ಹೆಂಗಸರಿಗೆ ಒಂದು. ಮೇಜು ಹಾಕಿ ಕೂತವರಿಗೆ ಈ ಲೆಕ್ಕ ಸರಿ. ತಾಲ್ಲೂಕು ಕಚೇರಿ, ನಾಡ ಕಚೇರಿಗಳಲ್ಲಿ ಕೆಲಸದ ದಿನ ಇರುವವರಲ್ಲಿ ಹೆಚ್ಚಿನವರು ಸಿಬ್ಬಂದಿಯಲ್ಲ. ಪಹಣಿಗೆ, ಜಾತಿ ಆದಾಯ ಪತ್ರಕ್ಕೆ, ವೃದ್ಧಾಪ್ಯ ವೇತನಕ್ಕೆ ಬಂದ ಹಳ್ಳಿಯವರು. ಬಸ್ಸಿಳಿದು ಬಂದ ವಯಸ್ಸಾದವರು, ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಂದಿರು ಗಂಟೆಗಟ್ಟಲೆ ಕಾಯುತ್ತಾರೆ. ಅವರಿಗೆ ಬೇಕಾದದ್ದು ಬೆಂಚು, ನೆರಳು, ಕುಡಿಯುವ ನೀರು, ಬೀಗ ಹಾಕದ ಶೌಚಾಲಯ. ಹಳೆಯ ಕಚೇರಿಯ ಅಗಲ ಪಡಸಾಲೆ ಇವುಗಳಲ್ಲಿ ನೆರಳನ್ನಾದರೂ ಕೊಟ್ಟಿತ್ತು. ಹೊಸ ಕಟ್ಟಡಗಳ ಕಿರಿದಾದ ನಡುಓಣಿಯಲ್ಲಿ ಕಾಯುವವರು ಗೋಡೆಗೊರಗಿ ನಿಲ್ಲುತ್ತಾರೆ. ನಕ್ಷೆ ಬರೆಯುವಾಗ ಸಿಬ್ಬಂದಿಯ ಸಂಖ್ಯೆಯ ಜೊತೆಗೆ ದಿನಕ್ಕೆ ಎಷ್ಟು ಮಂದಿ ಕಾಯುತ್ತಾರೆಂಬುದನ್ನೂ ಎಣಿಸಿದರೆ ಪಡಸಾಲೆಯ ಅಗಲ, ಶೌಚಾಲಯದ ಲೆಕ್ಕ, ನೀರಿನ ತೊಟ್ಟಿಯ ಅಳತೆ ಮೂರೂ ಬದಲಾಗುತ್ತವೆ.